ಉಳಿಯದ ಸೇವ್: ಇಂಡೀ ಆಟಗಳನ್ನು ಫ್ಲಾಟ್‌ಪ್ಯಾಕ್ ಆಗಿ ಕಟ್ಟುವ ಸ್ವಯಂಚಾಲಿತ ಸಾಧನದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಒಂದು ಮನೆಯಲ್ಲಿ, ಮೂರು ಕಂಪ್ಯೂಟರುಗಳ ನಡುವೆ. ಕೇಂದ್ರ ವ್ಯಕ್ತಿ ವೃತ್ತಿಯಿಂದ ಸರ್ವರ್ ನಿರ್ವಾಹಕರು. ಹಲವು ವರ್ಷಗಳಿಂದ ಸಣ್ಣ ಸ್ಟುಡಿಯೋಗಳ ಆಟಗಳನ್ನು, ಅದರಲ್ಲೂ ನಕಲು ತಡೆಯುವ ಡಿಆರ್‌ಎಂ ಬೀಗವಿಲ್ಲದೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಸಿಗುವಂಥವನ್ನು, ಹಣ ಕೊಟ್ಟು ಕೊಂಡು ಹೊರಗಿನ ಡಿಸ್ಕಿನಲ್ಲಿ ಜೋಡಿಸಿಟ್ಟವರು. ಅವರನ್ನು ಇಲ್ಲಿ ಸಂಗ್ರಾಹಕರು ಎಂದಷ್ಟೇ ಕರೆಯುತ್ತೇನೆ. ಊರು, ಆಟಗಳ ಹೆಸರು, ಕೊಂಡ ಅಂಗಡಿ ಇವೆಲ್ಲವನ್ನೂ ಬಿಟ್ಟಿದ್ದೇನೆ. ತಾಂತ್ರಿಕ ವಿವರಗಳನ್ನು ಮಾತ್ರ ಇದ್ದಂತೆ ಉಳಿಸಿದ್ದೇನೆ. ಕೆಲಸ ಒಮ್ಮೆ ಕೆಟ್ಟ ಮೇಲೆ ಕೋಡ್ ಓದಿಕೊಡಲು ಹೋದವನು ನಾನು. ಆದ್ದರಿಂದ ಮೊದಲ ಭಾಗ ಅವರ ಟಿಪ್ಪಣಿಗಳಿಂದ ತಿಳಿದದ್ದು, ಉಳಿದದ್ದು ಕಣ್ಣಾರೆ ಕಂಡದ್ದು.

ಮೂರು ಕಂಪ್ಯೂಟರುಗಳಲ್ಲಿ ಮೂರು ಬಗೆಯ ಲಿನಕ್ಸ್ ಇದ್ದವು: ಕೆಲಸದ ಮೇಜಿನ ಮೇಲೆ ಫೆಡೋರಾ, ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 12, ನಡುಮನೆಯ ಟಿವಿಗೆ ಜೋಡಿಸಿದ ಹಳೆಯ ಪೆಟ್ಟಿಗೆಯಲ್ಲಿ ಉಬುಂಟು. ಒಂದರಲ್ಲಿ ಓಡುವ ಆಟ ಇನ್ನೊಂದರಲ್ಲಿ ಓಡುತ್ತಿರಲಿಲ್ಲ, ಓಡಿದ್ದೂ ಮುಂದಿನ ಅಪ್‌ಗ್ರೇಡಿನ ನಂತರ ನಿಂತುಹೋಗುತ್ತಿತ್ತು. ಗೇಮ್‌ಮೇಕರ್ ಎಂಬ ಇಂಜಿನ್‌ನಿಂದ, ಅಂದರೆ ಆಟ ತಯಾರಿಸುವ ತಂತ್ರಾಂಶದಿಂದ, ಬಂದ ಹಳೆಯ ಆಟಗಳಿಗೆ ಗೂಢಲಿಪೀಕರಣದ ಓಪನ್‌ಎಸ್‌ಎಸ್‌ಎಲ್‌ನ 1.0 ಸರಣಿಯ ಲೈಬ್ರರಿ (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡು) ಬೇಕು, ಅದನ್ನು ಹೊಸ ವಿತರಣೆಗಳು, ಅಂದರೆ ಲಿನಕ್ಸಿನ ಇಂಥ ಬಗೆಗಳು, ಎಂದೋ ಕೈಬಿಟ್ಟಿವೆ. ಅವುಗಳಲ್ಲಿ ಬಹಳಷ್ಟು 32 ಬಿಟ್‌ನವು ಬೇರೆ. 2019ರ ಜೂನ್‌ನಲ್ಲಿ ಉಬುಂಟು 32 ಬಿಟ್ ಪ್ಯಾಕೇಜುಗಳನ್ನೇ ನಿಲ್ಲಿಸುವುದಾಗಿ ಘೋಷಿಸಿ, ಆಟಗಾರರ ಮತ್ತು ಸ್ಟೀಮ್ ಎಂಬ ಆಟದಂಗಡಿ ನಡೆಸುವ ವಾಲ್ವ್ ಕಂಪನಿಯ ಪ್ರತಿಕ್ರಿಯೆಯ ಬಿಸಿ ತಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಆಯ್ದ ಪ್ಯಾಕೇಜುಗಳನ್ನು ಉಳಿಸಿಕೊಳ್ಳುವುದಾಗಿ ಹೇಳಿತಷ್ಟೆ; ಆ ವಾರವೇ ಸಂಗ್ರಾಹಕರಿಗೆ ತಾವು ಕೊಂಡ ಆಟಗಳ ಆಯಸ್ಸು ತಮ್ಮ ಕೈಯಲ್ಲಿಲ್ಲ ಎನ್ನುವುದು ಖಚಿತವಾದದ್ದು.

ಅವರಿಗೆ ಇನ್ನೊಂದು ಅಳುಕೂ ಇತ್ತು. ಆಟದ ಇನ್‌ಸ್ಟಾಲರ್ ಎಂದರೆ ಸಾಮಾನ್ಯವಾಗಿ ಒಂದು ಶೆಲ್ ಸ್ಕ್ರಿಪ್ಟು, ಅಂದರೆ ಆಜ್ಞೆಗಳ ಪಟ್ಟಿ; ಅದನ್ನು ನಮ್ಮ ಖಾತೆಯಲ್ಲೇ ಓಡಿಸುತ್ತೇವೆ. ಅದು ಬಿಚ್ಚಿಡುವ ಪ್ರೋಗ್ರಾಮಿನ ಮೂಲ ನಮಗೆ ಕಾಣುವುದಿಲ್ಲ, ಆದರೆ ನಮ್ಮ ಹೋಮ್ ಫೋಲ್ಡರಿನಲ್ಲಿರುವ ಪತ್ರ, ಫೋಟೋ, ಸರ್ವರಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಕೀಲಿ ಎಲ್ಲವೂ ಅದಕ್ಕೆ ಕಾಣುತ್ತವೆ. ಹಗಲೆಲ್ಲ ಬೇರೆಯವರ ಸರ್ವರುಗಳ ಕೀಲಿಕೈ ಹಿಡಿದಿರುವವರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ.

ಈ ಎರಡಕ್ಕೂ ಒಂದೇ ಮದ್ದಾಗಿ ಕಂಡದ್ದು ಫ್ಲಾಟ್‌ಪ್ಯಾಕ್. ಮೊದಲು ಎಕ್ಸ್‌ಡಿಜಿ-ಆ್ಯಪ್ ಎಂದಿದ್ದು 2016ರಲ್ಲಿ ಈ ಹೆಸರು ಪಡೆದ ವ್ಯವಸ್ಥೆ ಇದು. ಆಟವೊಂದೇ ಪ್ರತ್ಯೇಕ ಫೋಲ್ಡರಿನಲ್ಲಿರುತ್ತದೆ. ಅದು ನೆಚ್ಚಿಕೊಂಡ ಲೈಬ್ರರಿಗಳು ರನ್‌ಟೈಮ್ ಎಂಬ ಹಂಚಿಕೆಯ ಕಟ್ಟಿನಿಂದ ಬರುತ್ತವೆ, ಆದ್ದರಿಂದ ಆತಿಥೇಯ ವಿತರಣೆ ಯಾವುದಾದರೂ ಆಟಕ್ಕೆ ಕಾಣುವ ಜಗತ್ತು ಒಂದೇ. ಬಬಲ್‌ರ‍್ಯಾಪ್ ಎಂಬ ಸಣ್ಣ ಪ್ರೋಗ್ರಾಮು ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ನೇಮ್‌ಸ್ಪೇಸುಗಳನ್ನು (ಪ್ರೋಗ್ರಾಮಿಗೆ ಕಾಣುವುದನ್ನು ಬೇರ್ಪಡಿಸುವ ಸೌಲಭ್ಯ) ಬಳಸಿ ಸುತ್ತ ಗೋಡೆ ಎಬ್ಬಿಸುತ್ತದೆ. ಗೋಡೆಯಲ್ಲಿ ಎಲ್ಲೆಲ್ಲಿ ಕಿಂಡಿ ಬಿಡಬೇಕೆಂಬುದನ್ನು, ಅಂದರೆ ಪರದೆ, ಧ್ವನಿ, ಜಾಲ, ಗೇಮ್‌ಪ್ಯಾಡ್, ಫೋಲ್ಡರುಗಳನ್ನು, ಮ್ಯಾನಿಫೆಸ್ಟ್ ಎಂಬ ಕಡತದಲ್ಲಿ ಒಂದೊಂದಾಗಿ ಬರೆಯಬೇಕು.

ಸಮಸ್ಯೆ

ಮೊದಲ ಐದು ಆಟಗಳನ್ನು ಅವರು ಕೈಯಿಂದಲೇ ಕಟ್ಟಿದರು. ಒಂದೊಂದಕ್ಕೆ ಒಂದೊಂದು ಸಂಜೆ ಹಿಡಿಯಿತು: ಕಡತ ಬಿಚ್ಚುವುದು, ಮ್ಯಾನಿಫೆಸ್ಟ್ ಬರೆಯುವುದು, ಐಕಾನ್ ಹುಡುಕುವುದು, ಮೆನುವಿನಲ್ಲಿ ಕಾಣುವಂತೆ ಡೆಸ್ಕ್‌ಟಾಪ್ ಕಡತ ಮಾಡುವುದು, ಕೊನೆಗೆ ಒಂದು ಚಿಹ್ನೆ ತಪ್ಪಿದ್ದಕ್ಕೆ ಎಲ್ಲವನ್ನೂ ಮತ್ತೆ ಕಟ್ಟುವುದು. ಎಪ್ಪತ್ತರಷ್ಟು ಆಟಗಳಿಗೆ ಹೀಗೆ ಮಾಡುವುದು ಸಾಧ್ಯವಿರಲಿಲ್ಲ.

ಸಿದ್ಧ ಪ್ಯಾಕೇಜುಗಳನ್ನು ಬೇರೆ ಕಡೆಯಿಂದ ಪಡೆಯುವ ಹಾದಿಯೂ ಮುಚ್ಚಿತ್ತು. ಇತರರ ಆಟವನ್ನು ಮರುಹಂಚುವ ಹಕ್ಕು ಯಾರಿಗೂ ಇಲ್ಲ. ಇಂಥ ಸಂದರ್ಭಕ್ಕೆಂದೇ ಫ್ಲಾಟ್‌ಪ್ಯಾಕ್‌ನಲ್ಲಿ ಒಂದು ಏರ್ಪಾಡಿದೆ: ಪ್ಯಾಕೇಜಿನೊಳಗೆ ಆಟವನ್ನೇ ಇಡದೆ, ಅದರ ವಿಳಾಸ, ಗಾತ್ರ ಮತ್ತು ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಬದಲಾಗಿಲ್ಲವೆಂದು ಪರೀಕ್ಷಿಸಲು ಅದರಿಂದಲೇ ಲೆಕ್ಕ ಹಾಕಿದ ಸಂಖ್ಯೆ) ಮಾತ್ರ ಬರೆದಿಟ್ಟು, ಇನ್‌ಸ್ಟಾಲ್ ಆಗುವ ಹೊತ್ತಿನಲ್ಲಿ ಮೂಲದಿಂದಲೇ ಇಳಿಸಿಕೊಳ್ಳುವುದು. ಆದರೆ ಹಣ ಕೊಟ್ಟು ಕೊಂಡ ಆಟವನ್ನು ಇಳಿಸಲು ಖಾತೆಗೆ ಲಾಗಿನ್ ಆಗಬೇಕು, ಅಂಥ ವಿಳಾಸವನ್ನು ಮ್ಯಾನಿಫೆಸ್ಟಿನಲ್ಲಿ ಬರೆದು ಪ್ರಯೋಜನವಿಲ್ಲ. ಹೀಗಾಗಿ ಹಂಚಬಹುದಾದದ್ದು ಸಾಧನವನ್ನು ಮಾತ್ರ, ಪ್ಯಾಕೇಜನ್ನಲ್ಲ ಎಂಬ ತೀರ್ಮಾನ ಮೊದಲ ದಿನವೇ ಆಯಿತು: ಆಟ ಕೊಂಡವರು ತಮ್ಮ ಪ್ರತಿಯನ್ನು ತಮ್ಮ ಕಂಪ್ಯೂಟರಿನಲ್ಲಿ ಈ ಸಾಧನಕ್ಕೆ ಕೊಡಬೇಕು, ಅದು ಇನ್‌ಸ್ಟಾಲ್ ಮಾಡಬಹುದಾದ ಒಂದೇ ಕಡತವನ್ನು ಹಿಂದಿರುಗಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಎಂದೂ ಬದಲಾಗದೆ ಉಳಿದ ಒಂದೇ ನಿರ್ಧಾರ ಇದು.

ಮೊದಲ ಪ್ರಯತ್ನಗಳು

ಪೈಥಾನ್‌ನಲ್ಲಿ ಬರೆದ ಮೊದಲ ಆವೃತ್ತಿ ಒಂದೊಂದು ಆಟಕ್ಕೆ ಒಂದೊಂದು ಪಾಕಪಟ್ಟಿ ಕೇಳುತ್ತಿತ್ತು: ಕಡತದ ಹೆಸರೇನು, ಒಳಗಿನ ಪ್ರೋಗ್ರಾಮು ಯಾವುದು, ಐಕಾನ್ ಎಲ್ಲಿದೆ. ಹನ್ನೆರಡು ಪಾಕಪಟ್ಟಿ ಬರೆಯುವಷ್ಟರಲ್ಲಿ ಮೂರು ಆಟಗಳಿಗೆ ಹೊಸ ಆವೃತ್ತಿ ಬಂದು ಕಡತದ ಹೆಸರೂ ಮೊತ್ತವೂ ಬದಲಾದವು. ಕೈಕೆಲಸ ಕಡಿಮೆಯಾಗಿರಲಿಲ್ಲ, ಬೇರೆ ಕಡತಕ್ಕೆ ವರ್ಗವಾಗಿತ್ತು ಅಷ್ಟೆ. ಅವರು ಅದನ್ನು ಬದಿಗಿಟ್ಟು ಡಿಸ್ಕಿನ ಮುಂದೆ ಕುಳಿತು ಕಡತಗಳನ್ನು ಬರಿದೇ ನೋಡುತ್ತಾ ಹೋದರು, ಮತ್ತು ಆ ನೋಟದಿಂದಲೇ ಮೊದಲ ತಿರುವು ಬಂದಿತು: ಆಟಗಳು ಎಪ್ಪತ್ತಿದ್ದರೂ ಅವುಗಳನ್ನು ಸುತ್ತಿದ ಬಗೆಗಳು ನಾಲ್ಕೈದೇ, ಅವನ್ನು ಹೆತ್ತ ಇಂಜಿನ್‌ಗಳು ಆರೇಳೇ.

ಸುತ್ತಿದ ಬಗೆಗಳಲ್ಲಿ ದೊಡ್ಡ ಪಾಲು ಮೋಜೋಸೆಟಪ್ ಎಂಬ ಇನ್‌ಸ್ಟಾಲರಿನದು. ಹೊರಗೆ ಶೆಲ್ ಸ್ಕ್ರಿಪ್ಟು, ಬಾಲಕ್ಕೆ ಒಂದು ಜಿಪ್ ಕಡತ. ಜಿಪ್‌ನ ಸೂಚಿ ಕಡತದ ಕೊನೆಯಲ್ಲಿರುತ್ತದಾದ್ದರಿಂದ, ಎದುರಿಗೆ ಏನೇ ಅಂಟಿಸಿದ್ದರೂ ಸಾಮಾನ್ಯ ಅನ್‌ಜಿಪ್ ಆಜ್ಞೆ ಅದನ್ನು ಬಿಚ್ಚಿಕೊಡುತ್ತದೆ. ಅಂದರೆ ಇನ್‌ಸ್ಟಾಲರನ್ನು ಓಡಿಸದೆಯೇ ಆಟ ಹೊರಬರುತ್ತದೆ. ಒಂದು ಬಗೆಯ ಕಟ್ಟುಗಳಲ್ಲಂತೂ ಆಟದ ಹೆಸರು ಮತ್ತು ಆವೃತ್ತಿಯನ್ನು ಬರೆದ ಒಂದು ಪುಟ್ಟ ಪಠ್ಯ ಕಡತವೂ ಒಳಗೇ ಸಿಗುತ್ತದೆ. ಅಪರಿಚಿತ ಸ್ಕ್ರಿಪ್ಟನ್ನು ಓಡಿಸಬೇಕಾದ ಅಳುಕು ಇಲ್ಲಿಗೇ ಮುಗಿಯಿತು.

ಇಂಜಿನ್ ಗುರುತಿಸುವುದೂ ಕಷ್ಟವಾಗಲಿಲ್ಲ. ಪ್ರೋಗ್ರಾಮಿನ ಪಕ್ಕದಲ್ಲಿ ಅದೇ ಹೆಸರಿಗೆ ಡೇಟಾ ಎಂದು ಸೇರಿಸಿದ ಫೋಲ್ಡರಿದ್ದರೆ ಯೂನಿಟಿ, ಅದರೊಳಗೇ ಐಕಾನೂ ಇರುತ್ತದೆ. ರನ್ನರ್ ಎಂಬ ಪ್ರೋಗ್ರಾಮು, ಅಸೆಟ್ಸ್ ಫೋಲ್ಡರು ಇದ್ದರೆ ಗೇಮ್‌ಮೇಕರ್. ಪ್ಯಾಕ್ ಕಡತವೊಂದು ಜೊತೆಗಿದ್ದರೆ ಗೊಡೊ. ಪ್ರೋಗ್ರಾಮು 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ಇಎಲ್‌ಎಫ್ ಎಂಬ ಲಿನಕ್ಸ್ ಪ್ರೋಗ್ರಾಮು ಕಡತದ ಶಿರೋಭಾಗದ ಐದನೆಯ ಬೈಟು ಹೇಳುತ್ತದೆ: 1 ಇದ್ದರೆ 32, 2 ಇದ್ದರೆ 64. 32 ಎಂದಾದರೆ ಈ ಪ್ಯಾಕೇಜುಗಳು ಬಳಸುವ ಫ್ರೀಡೆಸ್ಕ್‌ಟಾಪ್ ರನ್‌ಟೈಮಿನ ಐ386 (32 ಬಿಟ್) ಹೊಂದಾಣಿಕೆಯ ವಿಸ್ತರಣೆಯನ್ನೂ, 32 ಬಿಟ್ ಗ್ರಾಫಿಕ್ಸ್ ವಿಸ್ತರಣೆಯನ್ನೂ, ಮಲ್ಟಿಆರ್ಚ್ ಎಂಬ ಅನುಮತಿಯನ್ನೂ ಸಾಧನವೇ ಸೇರಿಸುತ್ತಿತ್ತು.

ಹೆಸರಿಡುವುದರಲ್ಲಿ ಒಂದು ಎಡವಟ್ಟು ಆಯಿತು. ಪ್ರತಿ ಪ್ಯಾಕೇಜಿಗೂ ಡೊಮೇನ್ ಹೆಸರನ್ನು ತಿರುಗಿಸಿ ಬರೆದಂಥ ಒಂದು ಗುರುತು ಬೇಕು. ಆಟ ತಮ್ಮದಲ್ಲವಾದ್ದರಿಂದ ಸ್ಟುಡಿಯೋದ ಡೊಮೇನ್ ಬಳಸದೆ ಸಂಗ್ರಾಹಕರು ತಮ್ಮದನ್ನೇ ಬಳಸಿದರು, ಅದು ಸರಿ. ಆ ಗುರುತಿನ ಯಾವ ತುಂಡೂ ಅಂಕಿಯಿಂದ ಶುರುವಾಗಬಾರದೆಂಬ ನಿಯಮ ಅಂಕಿಯ ಹೆಸರಿನ ಆಟ ಬಂದಾಗ ಮಾತ್ರ ತಿಳಿಯಿತು, ಅದೂ ದೊಡ್ಡದಲ್ಲ. ದೊಡ್ಡದಾದದ್ದು ಬೇರೆ. ಗುರುತನ್ನು ಆಟದ ಶೀರ್ಷಿಕೆಯಿಂದ ಪ್ರತಿ ಸಲ ಹೊಸದಾಗಿ ಹುಟ್ಟಿಸುತ್ತಿದ್ದರು, ಒಂದು ಆಟದ ಹೊಸ ಆವೃತ್ತಿಯಲ್ಲಿ ಶೀರ್ಷಿಕೆಯ ಮುಂದೆ ಟ್ರೇಡ್‌ಮಾರ್ಕ್ ಚಿಹ್ನೆ ಸೇರಿಕೊಂಡಿತು, ಗುರುತು ಬದಲಾಯಿತು. ಸೇವ್‌ಗಳು, ಅಂದರೆ ಎಲ್ಲಿಯವರೆಗೆ ಆಡಿದ್ದೇವೆಂಬುದನ್ನು ಉಳಿಸುವ ಕಡತಗಳು, ಇರುವುದು ಆ ಗುರುತಿನ ಹೆಸರಿನ ಫೋಲ್ಡರಿನಲ್ಲೇ ಆದ್ದರಿಂದ ಹೊಸ ಪ್ಯಾಕೇಜಿಗೆ ಹಳೆಯ ಸೇವ್ ಕಾಣಲಿಲ್ಲ. ಕಡತಗಳು ಡಿಸ್ಕಿನಲ್ಲೇ ಇದ್ದದ್ದರಿಂದ ನಷ್ಟವಾಗಲಿಲ್ಲ, ಹೆಸರು ಬದಲಿಸಿ ಸರಿಪಡಿಸಿದರು. ಅಂದಿನಿಂದ ಒಮ್ಮೆ ಕೊಟ್ಟ ಗುರುತನ್ನು ಒಂದು ದಾಖಲೆ ಕಡತದಲ್ಲಿ ಬರೆದಿಟ್ಟು ಮುಂದೆಲ್ಲ ಅದನ್ನೇ ಬಳಸುವುದೆಂದಾಯಿತು. ಇದನ್ನು ಎಚ್ಚರಿಕೆಯ ಗಂಟೆಯೆಂದು ಯಾರೂ ಆಗ ತೆಗೆದುಕೊಳ್ಳಲಿಲ್ಲ.

ಲೈಬ್ರರಿಗಳ ಕಾಟ

ಬಹುತೇಕ ಆಟಗಳು ತಮ್ಮ ಲೈಬ್ರರಿಗಳನ್ನು ತಾವೇ ಹೊತ್ತು ತರುತ್ತವೆ, ಹೊತ್ತು ತಂದದ್ದೇ ಕೆಲವೊಮ್ಮೆ ಮುಳುವಾಗುತ್ತದೆ. ಸಿ++ ಭಾಷೆಯ ಮೂಲ ಲೈಬ್ರರಿಯ ಹಳೆಯ ಪ್ರತಿ ಆಟದ ಜೊತೆಗಿದ್ದರೆ ಅದೇ ಮೊದಲು ಕಂಪ್ಯೂಟರಿನ ನೆನಪಿಗೆ (ರ‍್ಯಾಮ್‌ಗೆ) ಏರುತ್ತದೆ. ಅದಕ್ಕಿಂತ ಹೊಸದನ್ನು ಬಯಸುವ ಮೆಸಾ ಗ್ರಾಫಿಕ್ಸ್ ಚಾಲಕ ಆಮೇಲೆ ಲೋಡ್ ಆಗಲಾರದೆ ಸೋಲುತ್ತದೆ. ಪರದೆಯ ಮೇಲೆ ಕಾಣುವುದು ಕಪ್ಪು ಚೌಕ. ಎಲ್ಲ ಲೈಬ್ರರಿಗಳನ್ನೂ ಕಿತ್ತೊಗೆದು ರನ್‌ಟೈಮಿನದನ್ನೇ ಬಳಸೋಣವೆಂದರೆ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಪ್ರತಿ ಬೇಕೇ ಬೇಕೆನ್ನುವ ಆಟಗಳು ಸಾಯುತ್ತವೆ.

ಇಲ್ಲಿ ಸಂಗ್ರಾಹಕರು ಮಾಡಿದ ವಿಂಗಡಣೆಯನ್ನು ನಾನು ಮೆಚ್ಚುತ್ತೇನೆ. ಹಿಂದಿನದರ ಜೊತೆ ಹೊಂದಿಕೊಂಡೇ ಬೆಳೆಯುತ್ತೇವೆಂದು ಮಾತು ಕೊಟ್ಟು ಅದನ್ನು ಉಳಿಸಿಕೊಂಡು ಬಂದ ಲೈಬ್ರರಿಗಳು ಒಂದು ಗುಂಪು. ಸಿ++ ಲೈಬ್ರರಿ ಈ ಗುಂಪಿನದು. ಅವುಗಳ ಆಟದ ಪ್ರತಿಯನ್ನು ಅಳಿಸಿ ರನ್‌ಟೈಮಿನ ಹೊಸದನ್ನು ಬಳಸಬೇಕು. ಅಂಥ ಮಾತು ಕೊಡದವು ಇನ್ನೊಂದು ಗುಂಪು, ಅವನ್ನು ಆಟ ತಂದಂತೆಯೇ ಉಳಿಸಬೇಕು, ತರದಿದ್ದರೆ ಹಳೆಯ ಪ್ರತಿಯನ್ನೇ ಕಟ್ಟಿ ಸೇರಿಸಬೇಕು. ಬೇಕಾದ ಲೈಬ್ರರಿಗಳ ಪಟ್ಟಿಯನ್ನು ಪ್ರೋಗ್ರಾಮಿನ ಶಿರೋಭಾಗದಿಂದಲೇ ಓದುತ್ತಿದ್ದರು. ಎಲ್‌ಡಿಡಿ ಎಂಬ ಪರಿಚಿತ ಆಜ್ಞೆ ಕೆಲವು ಸಂದರ್ಭಗಳಲ್ಲಿ ತಾನು ಪರೀಕ್ಷಿಸುವ ಪ್ರೋಗ್ರಾಮನ್ನೇ ಓಡಿಸಿಬಿಡಬಹುದಾದ್ದರಿಂದ ಅದನ್ನು ದೂರವಿಟ್ಟರು. ಆದರೂ ಶಿರೋಭಾಗದ ಪಟ್ಟಿ ಪೂರ್ಣವಲ್ಲ. ಓಡಲು ಶುರುವಾದ ಮೇಲೆ ತಾನಾಗಿ ಹುಡುಕಿಕೊಳ್ಳುವ ಲೈಬ್ರರಿಗಳ ಹೆಸರು, ಧ್ವನಿಯದೂ ಸೇರಿದಂತೆ, ಅದರಲ್ಲಿ ಇರುವುದಿಲ್ಲ. ಎಲ್ಲವೂ ಸರಿಯಿದೆ ಎಂದು ಸಾಧನ ಹೇಳಿದ ಎರಡು ಆಟಗಳು ಮೂಕವಾಗಿ ಓಡಿದವು.

ಆಟಗಳಿಗೆ ಪರದೆ, ಧ್ವನಿ, ಗೇಮ್‌ಪ್ಯಾಡ್ ಒದಗಿಸುವ ಎಸ್‌ಡಿಎಲ್ ಲೈಬ್ರರಿಯದು ಬೇರೆಯೇ ಕಥೆ. ಗೇಮ್‌ಪ್ಯಾಡ್ ಜೋಡಿಸಿದ್ದೂ ಕಿತ್ತದ್ದೂ ಅದಕ್ಕೆ ತಿಳಿಯುವುದು ಯುಡೆವ್ ಎಂಬ ಸೇವೆಯಿಂದ, ಗೋಡೆಯೊಳಗೆ ಆ ಸೇವೆ ಸಿಗುವುದಿಲ್ಲ. ಹೊಸ ಎಸ್‌ಡಿಎಲ್ ತಾನು ಫ್ಲಾಟ್‌ಪ್ಯಾಕ್‌ನೊಳಗಿದ್ದೇನೆಂದು ಗುರುತಿಸಿ ಕಂಪ್ಯೂಟರಿಗೆ ಜೋಡಿಸಿದ ಸಾಧನಗಳ ಫೋಲ್ಡರನ್ನೇ ಗಮನಿಸುವ ಬದಲಿ ಹಾದಿ ಹಿಡಿಯುತ್ತದೆ. ಆಟಗಳ ಜೊತೆ ಬರುವ ಹಳೆಯ ಪ್ರತಿಗಳಿಗೆ ಆ ಜಾಣತನವಿಲ್ಲ. ಅದೃಷ್ಟಕ್ಕೆ, 2.0.2ರಿಂದ ಈಚಿನ ಎಸ್‌ಡಿಎಲ್ ಪ್ರತಿಯನ್ನು, ಅದು ಆಟದೊಳಗೇ ಬೆಸೆದುಕೊಂಡಿದ್ದರೂ, ಒಂದು ಪರಿಸರ ಚರಾಂಶದ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಹೆಸರಿಟ್ಟ ಸೂಚನೆ) ಮೂಲಕ ಹೊಸದರತ್ತ ತಿರುಗಿಸಬಹುದು. ಆ ಒಂದು ಸಾಲಿನಿಂದ ಹಲವು ಆಟಗಳಿಗೆ ಗೇಮ್‌ಪ್ಯಾಡ್ ಬಂದಿತು. ಅದಕ್ಕಾಗಿ ಜೋಡಿಸಿದ ಎಲ್ಲ ಸಾಧನಗಳ ಅನುಮತಿಯನ್ನೂ ಒಟ್ಟಿಗೆ ಕೊಡಬೇಕಾಗಿ ಬಂದದ್ದು ಮಾತ್ರ ಗೋಡೆಯಲ್ಲಿ ದೊಡ್ಡ ಕಿಂಡಿಯೇ. 2025ರ ಜನವರಿಯಲ್ಲಿ ಬಂದ ಫ್ಲಾಟ್‌ಪ್ಯಾಕ್ 1.16ರಲ್ಲಿ ಇನ್‌ಪುಟ್ ಸಾಧನಗಳಿಗಷ್ಟೇ ಅನುಮತಿ ಕೊಡಬಹುದು, ಆದರೆ ಡೆಬಿಯನ್ 12ರಲ್ಲಿರುವುದು 1.14ರ ಸರಣಿ, ಹಾಗಾಗಿ ಲ್ಯಾಪ್‌ಟಾಪ್ ಹಳೆಯ ಕಿಂಡಿಯಲ್ಲೇ ಉಳಿಯಿತು.

ತಿರುವು

ಮೂವತ್ತರ ಹತ್ತಿರ ಆಟಗಳು ಕಟ್ಟಿಯಾದ ಮೇಲೆ ಸಂಗ್ರಾಹಕರು ಅವನ್ನು ಟಿವಿ ಪೆಟ್ಟಿಗೆಗೆ ಹಾಕಿದರು. ರಜೆಗೆ ಬಂದಿದ್ದ ಅಕ್ಕನ ಮಗಳು ಅದರಲ್ಲಿ ಕಥೆ ಓದುತ್ತಾ ಆಯ್ಕೆ ಮಾಡುತ್ತಾ ಹೋಗುವ ಒಂದು ವಿಷುಯಲ್ ನಾವೆಲ್ ಆಟವನ್ನು ಮೂರು ದಿನ ಆಡಿದಳು. ಪ್ರತಿ ಅಧ್ಯಾಯದ ಕೊನೆಗೂ ಸೇವ್ ಮಾಡಿದಳು. ಆಟ ಪ್ರತಿ ಸಲ ಸೇವ್ ಆಯಿತೆಂದು ಹೇಳಿತು, ಪಟ್ಟಿಯಲ್ಲಿ ಪುಟ್ಟ ಚಿತ್ರ ಸಮೇತ ತೋರಿಸಿತು, ಹಿಂದಿನ ಅಧ್ಯಾಯಕ್ಕೆ ಹೋಗೆಂದರೆ ಹೋಯಿತು ಕೂಡ. ರಾತ್ರಿ ಪೆಟ್ಟಿಗೆಯನ್ನು ನಿದ್ರಾಸ್ಥಿತಿಗೆ ಕಳಿಸುತ್ತಿದ್ದರಿಂದ ಆಟ ಒಮ್ಮೆಯೂ ಪೂರ್ತಿ ಮುಚ್ಚಿರಲಿಲ್ಲ. ನಾಲ್ಕನೆಯ ದಿನ ಮುಚ್ಚಿ ತೆರೆದಾಗ ಪಟ್ಟಿ ಖಾಲಿ.

"ಮಾಮ, ಮೂರು ದಿನ ಆಡಿದ್ದು ಒಂದೂ ಇಲ್ವಲ್ಲ, ನೀನೇನಾದ್ರೂ ಅಳಿಸಿದ್ಯಾ?" ಎಂದು ಆಕೆ ಕೇಳಿದಳಂತೆ. ನನ್ನನ್ನು ಕರೆದದ್ದು ಅಂದು ಸಂಜೆ.

ಆ ಆಟ ರೆನ್‌ಪೈ ಇಂಜಿನ್ನಿನದು. ಅದು ಲಿನಕ್ಸ್‌ನಲ್ಲಿ ಸೇವ್‌ಗಳನ್ನು ಹೋಮ್ ಫೋಲ್ಡರಿನಲ್ಲಿ ತನ್ನದೇ ಹೆಸರಿನ, ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರಿನಲ್ಲಿ ಇಡುತ್ತದೆ. ಹೋಮ್‌ಗೆ ಅನುಮತಿ ಇಲ್ಲದ ಫ್ಲಾಟ್‌ಪ್ಯಾಕ್‌ನೊಳಗೆ ಹೋಮ್ ಎಂದು ಕಾಣುವುದು ನೆನಪಿನಲ್ಲಿ ಕಟ್ಟಿದ ತಾತ್ಕಾಲಿಕ ಫೋಲ್ಡರು. ಬರೆಯಲು ಅಡ್ಡಿಯಿಲ್ಲ, ಓದಲು ಅಡ್ಡಿಯಿಲ್ಲ, ಆಟ ಮುಚ್ಚಿದೊಡನೆ ಅದು ಇಲ್ಲ. ಬರೆಯಲು ಬಿಡದಿದ್ದರೆ ಮೊದಲ ಸೇವ್‌ಗೇ ಆಟ ಕೂಗಿಕೊಳ್ಳುತ್ತಿತ್ತು. ಬಿಟ್ಟದ್ದರಿಂದಲೇ ಮೂರು ದಿನ ಯಾರಿಗೂ ತಿಳಿಯಲಿಲ್ಲ. ನೆನಪಿನಲ್ಲಿದ್ದದ್ದಾದ್ದರಿಂದ ಮರಳಿ ಪಡೆಯುವ ಮಾತೂ ಇರಲಿಲ್ಲ.

ಇದು ಮೊದಲೇ ಏಕೆ ಕಾಣಲಿಲ್ಲವೆಂಬುದನ್ನು ನಾವು ಟಿಪ್ಪಣಿ ತಿರುವಿ ಹುಡುಕಿದೆವು. ಸಂಗ್ರಾಹಕರು ತಾವೇ ಆಡಿ ನೋಡಿದ್ದ ಆಟಗಳು ಹೆಚ್ಚುಕಡಿಮೆ ಎಲ್ಲವೂ ಯೂನಿಟಿಯವು, ಒಂದೆರಡು ಗೊಡೊದವು. ಈ ಎರಡು ಇಂಜಿನ್‌ಗಳೂ ಎಕ್ಸ್‌ಡಿಜಿ ಎಂಬ ಸಾಮಾನ್ಯ ಒಪ್ಪಂದದ ಪ್ರಕಾರ ಸಂರಚನೆ ಮತ್ತು ದತ್ತಾಂಶದ ಫೋಲ್ಡರು ಎಲ್ಲಿದೆಯೆಂದು ಪರಿಸರ ಚರಾಂಶವನ್ನು ಕೇಳಿ ಬರೆಯುತ್ತವೆ. ಫ್ಲಾಟ್‌ಪ್ಯಾಕ್ ಆ ಚರಾಂಶಗಳನ್ನು ಡಿಸ್ಕಿನ ಮೇಲಿನ ಸುರಕ್ಷಿತ ಜಾಗಕ್ಕೆ ತಿರುಗಿಸಿಟ್ಟಿರುತ್ತದೆ. ಸಭ್ಯ ಆಟಗಳನ್ನೇ ಪರೀಕ್ಷಿಸಿ ಎಲ್ಲ ಆಟಗಳೂ ಸಭ್ಯವೆಂದು ನಂಬಿದ್ದರು. ಮೇಲಾಗಿ ಅವರ ಪರೀಕ್ಷೆಯೆಂದರೆ ಆಟ ತೆರೆದು, ಶೀರ್ಷಿಕೆಯ ಪರದೆ ಕಂಡು, ಧ್ವನಿ ಕೇಳಿ, ಮುಚ್ಚುವುದು.

ಅಂದು ರಾತ್ರಿ ಅವರು ಮಾಡಿದ ಮೊದಲ ಕೆಲಸ ಎಲ್ಲ ಪ್ಯಾಕೇಜಿಗೂ ಹೋಮ್ ಫೋಲ್ಡರಿನ ಪೂರ್ಣ ಅನುಮತಿ ಕೊಟ್ಟದ್ದು. ಒಂದೇ ಸಾಲು, ಎಲ್ಲ ಸೇವ್‌ಗಳೂ ಉಳಿಯುತ್ತವೆ. ನಾನು ಒಪ್ಪಲಿಲ್ಲ: ಎಸ್‌ಎಸ್‌ಎಚ್ ಕೀಲಿಗಳನ್ನು ಮುಚ್ಚಿಡಲೆಂದು ಶುರುವಾದ ಕೆಲಸ ಕೀಲಿಗಳನ್ನೇ ತೆರೆದಿಟ್ಟು ಮುಗಿಯುತ್ತಿತ್ತು. ಒಂದು ದಿನದ ಚರ್ಚೆಯ ನಂತರ ಅದನ್ನು ಹಿಂತೆಗೆದು ಪರ್ಸಿಸ್ಟ್ ಎಂಬ ಅನುಮತಿಯನ್ನು ಹಿಡಿದೆವು. ಹೋಮ್‌ನೊಳಗಿನ ಹೆಸರಿಸಿದ ಫೋಲ್ಡರೊಂದನ್ನು ಆಟದ ಸ್ವಂತ ಜಾಗಕ್ಕೆ ಜೋಡಿಸುವ ಏರ್ಪಾಡು ಅದು. ಆಟ ಹೋಮ್‌ಗೆ ಬರೆದೆನೆಂದು ತಿಳಿಯುತ್ತದೆ, ಬರಹ ಅದರದೇ ಫೋಲ್ಡರಿಗೆ ಹೋಗುತ್ತದೆ. ಇದಕ್ಕೂ ಒಂದು ಅಡಿಟಿಪ್ಪಣಿ ಬೇಕು: ಈ ಏರ್ಪಾಡಿನಲ್ಲಿ, ದುರುದ್ದೇಶದ ಪ್ರೋಗ್ರಾಮು ಆ ಫೋಲ್ಡರಿನ ಜಾಗದಲ್ಲಿ ಸಾಂಕೇತಿಕ ಕೊಂಡಿ (ಬೇರೆ ಜಾಗದತ್ತ ಕೈತೋರುವ ಕಡತ) ಇಟ್ಟು ಹೊರಗಿನ ಕಡತಗಳನ್ನು ತಲುಪಬಹುದಾದ ದೋಷವೊಂದು ಪತ್ತೆಯಾಗಿ, 2024ರ ಆಗಸ್ಟ್‌ನಲ್ಲಿ 1.14.10 ಮತ್ತು 1.15.10 ಆವೃತ್ತಿಗಳಲ್ಲಿ ಸರಿಯಾಯಿತು. ಸಾಧನ ಅದಕ್ಕಿಂತ ಹಳೆಯ ಫ್ಲಾಟ್‌ಪ್ಯಾಕ್ ಕಂಡರೆ ಮುಂದುವರಿಯದು.

ಬರೆದದ್ದೆಲ್ಲಿ ಎಂಬ ಪಟ್ಟಿ

ರೆನ್‌ಪೈಗೆ ಒಂದು ನಿಯಮ ಸೇರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಮಗೆ ಗೊತ್ತಿಲ್ಲದ ಇಂಜಿನ್ನಿನ ಆಟ ನಾಳೆ ಬಂದರೆ ಇದೇ ಕಥೆ ಮತ್ತೆ. ಆದ್ದರಿಂದ ಪ್ಯಾಕೇಜು ಕಟ್ಟಿ ಮುಗಿಯಿತೆಂಬುದರ ಅರ್ಥವನ್ನೇ ಬದಲಿಸಿದೆವು: ಆಟವನ್ನು ಗೋಡೆಯೊಳಗೆ ತೆರೆದು, ಒಂದು ಸೇವ್ ಮಾಡಿ, ಪೂರ್ತಿ ಮುಚ್ಚಿ, ಮತ್ತೆ ತೆರೆದು ಆ ಸೇವ್ ಕಂಡ ಮೇಲೆಯೇ ಸಾಧನ ಕೊನೆಯ ಕಡತವನ್ನು ಕೊಡುತ್ತದೆ. ಮೊದಲ ಸೇವ್ ಮಾಡುವವರೆಗೆ ಆಡಬೇಕಾದವರು ಮನುಷ್ಯರೇ. ಸಂಪೂರ್ಣ ಸ್ವಯಂಚಾಲನೆಯ ಆಸೆಯನ್ನು ಸಂಗ್ರಾಹಕರು ಇಲ್ಲಿ ಬಿಟ್ಟುಕೊಟ್ಟರು, ಸ್ವಲ್ಪ ಬೇಸರದಿಂದಲೇ.

ಮನುಷ್ಯ ಆಡುತ್ತಿರುವಾಗ ಹಿನ್ನೆಲೆಯಲ್ಲಿ ಸ್ಟ್ರೇಸ್ ಎಂಬ ಆಜ್ಞೆ ಆಟ ಕರ್ನಲ್ಲಿಗೆ ಕೇಳುವ ಪ್ರತಿ ಕೋರಿಕೆಯನ್ನೂ ದಾಖಲಿಸುತ್ತದೆ. ಪರೀಕ್ಷೆಯ ಹೊತ್ತಿಗೆ ಮಾತ್ರ ಅದಕ್ಕೆ ಬೇಕಾದ ಅಭಿವೃದ್ಧಿಯ ಅನುಮತಿ ಕೊಡುತ್ತೇವೆ. ಬರೆಯಲೆಂದು ತೆರೆದ, ಹೊಸದಾಗಿ ಮಾಡಿದ, ಹೆಸರು ಬದಲಿಸಿದ ಪ್ರತಿ ದಾರಿಯನ್ನೂ ಸಾಧನ ಮೂರು ರಾಶಿ ಮಾಡುತ್ತದೆ. ಡಿಸ್ಕಿನಲ್ಲಿ ಉಳಿಯುವವು, ಆಟ ಮುಚ್ಚಿದರೆ ಮಾಯವಾಗುವವು, ಬರೆಯಲು ಹೋಗಿ ಸೋತವು. ಹೆಸರು ಬದಲಿಸುವುದನ್ನು ಮೊದಲು ಬಿಟ್ಟಿದ್ದೆವು. ಹಲವು ಆಟಗಳು ಸೇವ್ ಅನ್ನು ಬೇರೆ ಹೆಸರಿನಲ್ಲಿ ಬರೆದು ಕೊನೆಗೆ ನಿಜವಾದ ಹೆಸರಿಡುತ್ತವೆಂದು ತಿಳಿದ ಮೇಲೆ ಸೇರಿಸಿದೆವು. ಎರಡನೆಯ ರಾಶಿ ಖಾಲಿಯಿಲ್ಲದಿದ್ದರೆ ಪ್ಯಾಕೇಜು ಇಲ್ಲ ಎಂಬ ನಿಯಮ ಮೊದಲ ವಾರ ವಿಪರೀತವಾಯಿತು, ಏಕೆಂದರೆ ದಿನಚರಿ (ಲಾಗ್) ಕಡತ, ಗ್ರಾಫಿಕ್ಸಿನ ಶೇಡರ್‌ಗಳ ಸಂಗ್ರಹ ಮುಂತಾದ ಹೋದರೂ ಚಿಂತೆಯಿಲ್ಲದವೂ ಅದರಲ್ಲಿ ಬೀಳುತ್ತಿದ್ದವು. ಅವನ್ನು ಒಬ್ಬರು ನೋಡಿ ಗುರುತು ಹಾಕಬೇಕು, ಗುರುತು ದಾಖಲೆಯಲ್ಲಿ ಉಳಿಯಬೇಕು ಎಂದು ತಿದ್ದಿದೆವು.

ಮೂರನೆಯ ರಾಶಿ ಇನ್ನೊಂದು ಬಗೆಯ ಆಟಗಳನ್ನು ತೋರಿಸಿಕೊಟ್ಟಿತು: ಸೇವ್‌ಗಳನ್ನು ತಮ್ಮ ಪ್ರೋಗ್ರಾಮಿನ ಪಕ್ಕದಲ್ಲೇ ಬರೆಯುವ ಹಳೆಯವು. ಫ್ಲಾಟ್‌ಪ್ಯಾಕ್‌ನಲ್ಲಿ ಆಟದ ಫೋಲ್ಡರು ಓದಲು ಮಾತ್ರ. ಇವುಗಳಿಗೆ ಮೊದಲ ಸಲ ತೆರೆಯುವಾಗ ಆಟದ ಸ್ವಂತ ಜಾಗದಲ್ಲಿ ಒಂದು ನೆರಳು ಫೋಲ್ಡರು ಕಟ್ಟಿ, ದೊಡ್ಡ ಕಡತಗಳಿಗೆಲ್ಲ ಸಾಂಕೇತಿಕ ಕೊಂಡಿಯಿಟ್ಟು, ಬರೆಯುವ ಫೋಲ್ಡರುಗಳನ್ನಷ್ಟೇ ನಿಜವಾಗಿ ನಕಲಿಸಿದೆವು. ಪ್ರೋಗ್ರಾಮಿಗೂ ಕೊಂಡಿಯನ್ನೇ ಇಟ್ಟಾಗ ಅದು ತಾನು ನಿಜವಾಗಿ ಇರುವ ಜಾಗವನ್ನು ಕರ್ನಲ್ಲಿನಿಂದ ಕೇಳಿ ತಿಳಿದು ಮತ್ತೆ ಮೂಲ ಫೋಲ್ಡರಿಗೇ ಹೋಗಿ ಸೋಲುತ್ತಿತ್ತು. ಪ್ರೋಗ್ರಾಮನ್ನೂ ನಕಲಿಸಿದ ಮೇಲೆ ಸರಿಹೋಯಿತು.

ಪರೀಕ್ಷೆಯೇ ಹುಟ್ಟಿಸಿದ ಒಂದು ಸುಳ್ಳು ದೋಷವನ್ನೂ ಹೇಳಬೇಕು. ಸಿ# ಭಾಷೆಯ ಪ್ರೋಗ್ರಾಮು ಓಡಿಸುವ ಮೊನೊ ಆಧರಿಸಿದ ಎರಡು ಆಟಗಳು ಪರೀಕ್ಷೆಯಲ್ಲಿ ತೆರೆದೊಡನೆ ಸಾಯುತ್ತಿದ್ದವು, ಮಾಂತ್ರಿಕ ಸಂಖ್ಯೆ ತಪ್ಪು, 542 ಎಂಬ ಸಂದೇಶದೊಂದಿಗೆ. ಟಿವಿಯ ಮೆನುವಿನಿಂದ ತೆರೆದರೆ ಸೊಗಸಾಗಿ ಓಡುತ್ತಿದ್ದವು. ಎರಡು ಸಂಜೆ ಅನುಮತಿಗಳನ್ನೆಲ್ಲ ಅದಲುಬದಲು ಮಾಡಿ ನೋಡಿದ ಮೇಲೆ ತಿಳಿದದ್ದು, ಅನುಮತಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು. ಟರ್ಮಿನಲ್ ಪರದೆಯ ಲೈಬ್ರರಿಯಾದ ಎನ್‌ಕರ್ಸಸ್‌ನ 6.1ರಿಂದ ಬದಲಾದ ಟರ್ಮಿನಲ್ ವಿವರದ ಕಡತವನ್ನು ಹಳೆಯ ಮೊನೊ ಓದಲಾರದು. ಟರ್ಮಿನಲ್ಲಿನಿಂದ ಓಡಿಸಿದಾಗ ಮಾತ್ರ ಅದು ಆ ಕಡತವನ್ನು ತೆರೆಯುತ್ತದೆ, ನಮ್ಮ ಪರೀಕ್ಷೆ ನಡೆಯುತ್ತಿದ್ದದ್ದು ಟರ್ಮಿನಲ್ಲಿನಿಂದಲೇ. ಟರ್ಮಿನಲ್ ಬಗೆಯನ್ನು ಸರಳ ಎಕ್ಸ್‌ಟರ್ಮ್ ಎಂದು ಬದಲಿಸಿದ್ದರಿಂದ ಅದು ಮುಗಿಯಿತು.

ಫಲ ಮತ್ತು ತಿಳಿದದ್ದು

ಹೊಸ ನಿಯಮದಡಿ ಎಲ್ಲ ಆಟಗಳನ್ನೂ ಮೊದಲಿನಿಂದ ಕಟ್ಟಿದೆವು. ಆಗಲೇ ಒಳ್ಳೆಯವೆಂದು ಬಿಟ್ಟಿದ್ದ ಮೂವತ್ತರಲ್ಲಿ ಇನ್ನೂ ನಾಲ್ಕು ಸೇವ್ ಉಳಿಸದವು ಸಿಕ್ಕಿದವು. ಯಾರೂ ಆಡಿರಲಿಲ್ಲವಾದ್ದರಿಂದ ಯಾರೂ ಕಳೆದುಕೊಂಡಿರಲಿಲ್ಲ. ಒಂದು ಆಟಕ್ಕೆ ಮನುಷ್ಯನ ಸಮಯ ಒಂದು ಸಂಜೆಯಿಂದ ಐದು ಹತ್ತು ನಿಮಿಷಕ್ಕೆ ಇಳಿಯಿತು. ಡಿಸ್ಕಿನ ಜಾಗ ಮಾತ್ರ ಬೇರೆ ಲೆಕ್ಕ ಹೇಳಿತು: ಬಿಚ್ಚಿದ ಪ್ರತಿ, ಕಟ್ಟುವ ಫೋಲ್ಡರು, ಕಟ್ಟುವ ಸಾಧನದ ಸಂಗ್ರಹ, ರೆಪಾಸಿಟರಿ, ಇನ್‌ಸ್ಟಾಲ್ ಆದದ್ದು ಹೀಗೆ ಒಂದೇ ಆಟ ಐದು ಕಡೆ ಕುಳಿತಿರುತ್ತಿತ್ತು, ಸಂಗ್ರಹವನ್ನು ನಿಲ್ಲಿಸಿ ಉಳಿಕೆಗಳನ್ನು ಕೂಡಲೇ ಅಳಿಸುವಂತೆ ಮಾಡಬೇಕಾಯಿತು.

ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ವಿಚಾರಿಸಬೇಕಾದದ್ದು ಆಟ ತೆರೆಯುತ್ತದೆಯೇ ಎಂದಲ್ಲ, ಅದು ಎಲ್ಲಿ ಬರೆಯುತ್ತದೆ ಎಂದು; ಇದನ್ನು ನಾವು ತಡವಾಗಿ ಕಲಿತೆವು. ಗೋಡೆಯ ವಿಷಯದಲ್ಲೂ ಭ್ರಮೆ ಬೇಡ. ಹಳೆಯ ಆಟಗಳಿಗೆ ಪರದೆಯ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ತಿಳಿಯದಾದ್ದರಿಂದ ಹಳೆಯದಾದ ಎಕ್ಸ್11ನ ಕಿಂಡಿ ಕೊಟ್ಟಿದ್ದೇವೆ, ಎಕ್ಸ್11ನಲ್ಲಿ ಒಂದು ಪ್ರೋಗ್ರಾಮು ಇನ್ನೊಂದರ ಕೀಲಿಯೊತ್ತುಗಳನ್ನು ಕದ್ದು ಕೇಳಬಲ್ಲದು. ಜಾಲದ ಅನುಮತಿಯನ್ನು ಕೇಳಿದವಕ್ಕೆ ಮಾತ್ರ, ಕಾರಣ ಬರೆದುಕೊಂಡು ಕೊಡುವುದರಿಂದ ಕದ್ದದ್ದು ಹೊರಹೋಗುವ ದಾರಿಯನ್ನಾದರೂ ಮುಚ್ಚಿದಂತಾಯಿತು ಎಂಬುದು ಸಂಗ್ರಾಹಕರ ಸಮಾಧಾನ. ನನಗೆ ಅದು ಅರ್ಧ ಸಮಾಧಾನ. ಇನ್ನೊಂದು, ಎಲ್ಲ ಊಹೆಗಳೂ ಕೆಟ್ಟವಲ್ಲ: ಐಕಾನ್ ತಪ್ಪಾಗಿ ಊಹಿಸಿದರೆ ಮೆನುವಿನಲ್ಲಿ ಕಾಣುತ್ತದೆ, ಯಾರಾದರೂ ತಿದ್ದುತ್ತಾರೆ. ಸೇವ್‌ನ ಜಾಗವನ್ನು ತಪ್ಪಾಗಿ ಊಹಿಸಿದ್ದು ಮೂರು ದಿನ ಕಳೆದರೂ ಕಾಣುವುದಿಲ್ಲ. ಹಾಗಾಗಿ ಈಗಿನ ಸಾಧನ ಐಕಾನನ್ನು ಊಹಿಸುತ್ತದೆ, ಸೇವ್ ವಿಷಯದಲ್ಲಿ ನಿಂತು ಕೇಳುತ್ತದೆ.

ಫ್ರೀಡೆಸ್ಕ್‌ಟಾಪ್ ರನ್‌ಟೈಮಿನ ಹೊಸ ಸರಣಿ ವರ್ಷಕ್ಕೊಮ್ಮೆ ಆಗಸ್ಟ್ ಹೊತ್ತಿಗೆ ಬರುತ್ತದೆ, ಒಂದೊಂದಕ್ಕೂ ಎರಡು ವರ್ಷ ಬೆಂಬಲ. ಮೊದಲ ಪ್ಯಾಕೇಜುಗಳು ನಿಂತಿದ್ದ 22.08ರ ಬೆಂಬಲ ಮುಗಿದ ಮೇಲೆ ಸಂಗ್ರಾಹಕರು ಎಲ್ಲವನ್ನೂ 24.08ಕ್ಕೆ ಮತ್ತೆ ಕಟ್ಟಿದರು. ಮೂಲ ಕಡತಗಳು ಡಿಸ್ಕಿನಲ್ಲಿದ್ದವು, ಗುರುತುಗಳೂ ಬರೆಯುವ ದಾರಿಗಳೂ ದಾಖಲೆಯಲ್ಲಿದ್ದವು. ಸಂಜೆ ಆಜ್ಞೆ ಕೊಟ್ಟು ಮಲಗಿದರು, ಬೆಳಿಗ್ಗೆ ಪಟ್ಟಿ ಸಿದ್ಧವಿತ್ತು. ಒಂದು ಆಟ ಮಾತ್ರ ಹೊಸ ರನ್‌ಟೈಮಿನಲ್ಲಿ ಶೀರ್ಷಿಕೆಯ ಪರದೆ ದಾಟಲಿಲ್ಲ. ಕಾರಣ ಇನ್ನೂ ಸಿಕ್ಕಿಲ್ಲ. ಅದು 22.08ರಲ್ಲೇ, ಜಾಲದ ಅನುಮತಿಯಿಲ್ಲದೆ, ಅಪ್‌ಡೇಟ್ ಮಾಡಿದಾಗಲೆಲ್ಲ ರನ್‌ಟೈಮಿನ ಅವಧಿ ಮುಗಿದಿದೆಯೆಂಬ ಎಚ್ಚರಿಕೆ ತೋರಿಸುತ್ತಾ ಟಿವಿ ಪೆಟ್ಟಿಗೆಯಲ್ಲಿ ಉಳಿದಿದೆ.